ಕುದುರೆಮುಖಕ್ಕೆ ಒಂದು ದಿನ ಸಾಕೇ?

ಮಳೆ ಹಿಂದೆ ಸರಿದು ಅಂಗಳದ ಪಾಚಿ ಒಣಗಲು ಶುರುವಾಯಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳೂ ದಪ್ಪವಾಗುತ್ತವೆ. ಈ ಸಲ ಬಂದವುಗಳಲ್ಲಿ ಅರ್ಧಕ್ಕೂ ಹೆಚ್ಚು ಕುದುರೆಮುಖದ ದಾರಿಯನ್ನು ಕುರಿತವು. ಹಾಗಾಗಿ ಉಳಿದ ಊರುಗಳವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟು: 1985ರಿಂದ 2005ರವರೆಗೆ ಕುದುರೆಮುಖದ ಗಣಿ ಕಂಪನಿಯ ಟೌನ್‌ಶಿಪ್ಪಿನ ಶಾಲೆಯಲ್ಲಿ ಕನ್ನಡ ಕಲಿಸಿದವಳು. ಈಗ ಬಜಗೋಳಿಯ ಹತ್ತಿರ ಮನೆ. ತಿಂಗಳಿಗೊಮ್ಮೆಯಾದರೂ ನನ್ನ ಹಳೆಯ ಕಾರಿನಲ್ಲಿ ಮಾಳದ ಘಾಟಿ ಹತ್ತದಿದ್ದರೆ ಊಟ ರುಚಿಸುವುದಿಲ್ಲ.

ಪ್ರಶ್ನೆ: ನಾವು ಐದು ಜನ. ನಾನು, ಯಜಮಾನರು, ಇಬ್ಬರು ಮಕ್ಕಳು, 72 ವರ್ಷದ ಅತ್ತೆ. ರಾತ್ರಿ ಹೊರನಾಡಿನಲ್ಲಿ ಉಳಿದು ಬೆಳಿಗ್ಗೆ 6ಕ್ಕೆ ಹೊರಟು ಕಳಸ, ಸಂಸೆಯ ಚಹಾ ತೋಟ, ಕುದುರೆಮುಖ ಶಿಖರ, ಲಕ್ಯಾ ಅಣೆಕಟ್ಟು, ಗಂಗಾಮೂಲ, ಕದಂಬಿ ಜಲಪಾತ, ಹನುಮನಗುಂಡಿ, ಶೃಂಗೇರಿ ನೋಡಿಕೊಂಡು ಆಗುಂಬೆಯಲ್ಲಿ ಸೂರ್ಯಾಸ್ತ ಹಿಡಿದು ರಾತ್ರಿ ಉಡುಪಿ ಸೇರಬೇಕು. ಸಮಯ ಹೇಗೆ ಹೊಂದಿಸುವುದು? – ಒಬ್ಬ ಗೃಹಿಣಿ, ತುಮಕೂರು

ಉತ್ತರ: ತಾಯೀ, ಇದು ಪ್ರವಾಸವಲ್ಲ, ಅಂಚೆ ಹಂಚುವ ಕೆಲಸ. ಪಟ್ಟಿಯನ್ನು ಕತ್ತರಿಸಲು ನನಗೆ ಅನುಮತಿ ಕೊಡಿ.

ಮೊದಲು ಶಿಖರ. ಅದು ಕಾರು ನಿಲ್ಲಿಸಿ, ಇಳಿದು, ಪಟ ತೆಗೆದು ಹತ್ತುವ ಜಾಗವಲ್ಲ. 1894 ಮೀಟರ್ ಎತ್ತರದ ಆ ತುದಿಗೆ ಮುಳ್ಳೋಡಿಯ ಕಡೆಯಿಂದ ನಡೆದೇ ಹೋಗಬೇಕು. ಹೋಗಿ ಬರಲು 20 ಕಿ.ಮೀ.ಗೆ ಹತ್ತಿರ, ಒಂದು ಇಡೀ ಹಗಲು ಅದಕ್ಕೇ ಬೇಕು. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚೆಯೇ ಆನ್‌ಲೈನ್‌ನಲ್ಲಿ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯೂ ಇದೆ. ನಿಮ್ಮ ಅತ್ತೆಯವರಿಗೆ ಈ ವಿಷಯವನ್ನು ಹೇಳಲೂಬೇಡಿ. ಲಕ್ಯಾ ಅಣೆಕಟ್ಟು ಗಣಿ ಕಂಪನಿಯದು, ಬಂದವರೆಲ್ಲ ಹತ್ತಿ ನೋಡುವ ಜಾಗವಲ್ಲ. ಗಂಗಾಮೂಲದ ಕಾಡಿಗೂ ಮನಸ್ಸು ಬಂದಂತೆ ನುಗ್ಗುವಂತಿಲ್ಲ. ಶೃಂಗೇರಿಯೂ ಆಗುಂಬೆಯೂ ಬೇರೆಯೇ ದಿನದ ದಾರಿ. ದಾರಿ ಕವಲೊಡೆಯುವ ಎಸ್. ಕೆ. ಬಾರ್ಡರಿನಲ್ಲಿ ಬಲಕ್ಕೆ ತಿರುಗಿ ಕೆರೆಕಟ್ಟೆಯ ಮೂಲಕ ಶೃಂಗೇರಿಗೆ ಹೋದಿರೆಂದರೆ ಕೆಳಗಿನ ಘಾಟಿ ತಪ್ಪಿಹೋಗುತ್ತದೆ. ಎಡಕ್ಕೇ ಇಳಿಯಿರಿ.

ಈಗ ಉಳಿದದ್ದು ಕಳಸದಿಂದ ಕಾರ್ಕಳದವರೆಗಿನ 70 ಕಿ.ಮೀ. ಆಸುಪಾಸಿನ ದಾರಿ. ಎಲ್ಲಿಯೂ ನಿಲ್ಲದೆ ಓಡಿಸಿದರೆ ಎರಡು ಗಂಟೆಯಲ್ಲಿ ಮುಗಿದುಹೋಗುತ್ತದೆ. ನಾನು ಇದಕ್ಕೆ ಹಗಲೆಲ್ಲ ಕೊಡಿ ಎನ್ನುತ್ತೇನೆ.

ಬೆಳಿಗ್ಗೆ 6ಕ್ಕೆ ಹೊರಡುವ ಅವಸರವೂ ಬೇಡ. ಆ ಹೊತ್ತಿಗೆ ಬೆಟ್ಟವೆಲ್ಲ ಮಂಜಿನ ಮುಸುಕು ಹೊದ್ದು ಮಲಗಿರುತ್ತದೆ, ನಿಮಗೆ ಕಾಣುವುದು ಮುಂದಿನ ಲಾರಿಯ ಹಿಂಭಾಗ ಮಾತ್ರ. ಏಳೂವರೆಗೆ ಹೊರಡಿ. ಕಳಸದಲ್ಲಿ ಪೆಟ್ರೋಲ್ ತುಂಬಿಸಿ. ಮುಂದೆ ಸಿಗುತ್ತದೆ ಎಂದು ನಂಬಿಕೊಂಡು ಹೋದವರನ್ನು ದಾರಿಬದಿಯಲ್ಲಿ ಬಾಟಲಿ ಹಿಡಿದು ನಿಂತದ್ದನ್ನು ನಾನೇ ನೋಡಿದ್ದೇನೆ. ಹಣವನ್ನೂ ನೋಟುಗಳಾಗಿ ಇಟ್ಟುಕೊಳ್ಳಿ, ದಾರಿಯ ಬಹುಪಾಲು ಮೊಬೈಲ್ ಸಿಗ್ನಲ್ ಇರುವುದಿಲ್ಲ. ಬುತ್ತಿ ಕಟ್ಟಿಸಿಕೊಳ್ಳಿ. ಕುದುರೆಮುಖದ ಪೇಟೆಯಲ್ಲಿ ಚಹಾ, ತಿಂಡಿ ಸಿಗುವ ಸಣ್ಣ ಅಂಗಡಿಗಳಿವೆ, ಆದರೆ ಐದು ಜನರ ಊಟವನ್ನು ಅವುಗಳ ಮೇಲೆ ಹೊರಿಸಬೇಡಿ.

ಸಂಸೆಯಲ್ಲಿ ಚಹಾ ತೋಟ ಸಿಗುತ್ತದೆ. ಸುತ್ತಲಿನ ಕಾಫಿಯ ಸೀಮೆಯಲ್ಲಿ ಅದೊಂದು ಚಹಾದ ದ್ವೀಪ. ಕತ್ತರಿಸಿದ ಗಿಡಗಳ ಸಾಲು ಕಂಡು ಮಕ್ಕಳು ಕೂಗುತ್ತಾರೆ, ಹತ್ತು ನಿಮಿಷ ನಿಲ್ಲಿ. ಬಸರಿಕಲ್ಲಿನ ಚೆಕ್‌ಪೋಸ್ಟಿನಲ್ಲಿ ಒಳಹೋಗುವ ಹೊತ್ತನ್ನು ಬರೆದು ಚೀಟಿ ಕೊಡುತ್ತಾರೆ. ಅದನ್ನು ಎಲ್ಲೋ ತುರುಕಬೇಡಿ, ಆಚೆ ಬದಿಯ ಗೇಟಿನಲ್ಲಿ ತೋರಿಸಬೇಕು. ಕಾಡಿನೊಳಗೆ ಕಾರು ನಿಲ್ಲಿಸಿ ಚಾಪೆ ಹಾಸಿ ಕೂರುವುದನ್ನು ತಪ್ಪಿಸಲೆಂದೇ ಈ ಚೀಟಿ. ಎಲ್ಲಿ ನಿಲ್ಲಬಹುದು, ಎಷ್ಟು ಹೊತ್ತು ಎಂದು ಅಲ್ಲಿನ ಸಿಬ್ಬಂದಿಯನ್ನೇ ವಿನಯದಿಂದ ಕೇಳಿ. ಕೇಳಿದವರಿಗೆ ಅವರು ಒಳ್ಳೆಯ ಮಾತಿನಲ್ಲೇ ಹೇಳುತ್ತಾರೆ.

ಕಳಸದಿಂದ ಟೌನ್‌ಶಿಪ್ಪಿನವರೆಗೆ ನೀವು ಭದ್ರೆಯ ಎದುರು ದಿಕ್ಕಿಗೆ ಹೋಗುತ್ತೀರಿ. ನದಿ ಒಮ್ಮೆ ಮರಗಳ ಮರೆಯಲ್ಲಿ ಸದ್ದು ಮಾಡುತ್ತದೆ, ಒಮ್ಮೆ ಬಂಡೆಗಳ ನಡುವೆ ಬಯಲಾಗುತ್ತದೆ. ಟೌನ್‌ಶಿಪ್ ದಾಟಿದ ಮೇಲೆ ಬೆಟ್ಟಗಳು ಬಿಚ್ಚಿಕೊಳ್ಳುತ್ತವೆ. ನಿಮ್ಮ ಪಟ್ಟಿಯಲ್ಲಿ ಹೆಸರೇ ಇಲ್ಲದ ಆ ಭಾಗವೇ ನನ್ನ ಮಟ್ಟಿಗೆ ಈ ದಾರಿಯ ತಿರುಳು. ಕಾರಿನ ಗಾಜು ಇಳಿಸಿ, ಹಾಡು ನಿಲ್ಲಿಸಿ, ನಿಧಾನವಾಗಿ ಹೋಗಿ. ಕದಂಬಿ ರಸ್ತೆಯ ಪಕ್ಕದಲ್ಲೇ ಬೀಳುತ್ತದೆ, ಅತ್ತೆಯವರು ಕಾರಿನಲ್ಲಿ ಕುಳಿತೇ ನೋಡಬಹುದು. ಹನುಮನಗುಂಡಿಗೆ, ಅಂದರೆ ನಮ್ಮ ಹಳಬರ ಬಾಯಲ್ಲಿ ಸೂತನಬ್ಬಿಗೆ, ಟಿಕೆಟ್ ಪಡೆದು ನೂರಾರು ಮೆಟ್ಟಿಲು ಇಳಿಯಬೇಕು. ಇಳಿಯುವುದು ಸುಲಭ. ಹತ್ತುವಾಗ ಮಂಡಿ ತನ್ನ ವಯಸ್ಸು ಹೇಳುತ್ತದೆ. ಅತ್ತೆಯವರೊಂದಿಗೆ ಯಾರಾದರೊಬ್ಬರು ಮೇಲೆಯೇ ಉಳಿಯಿರಿ. ಮೊಸರನ್ನದ ಡಬ್ಬಿಯೂ ಅವರ ಬಳಿಯೇ ಇರಲಿ.

ಮೂರು ಗಂಟೆಯೊಳಗೆ ಎಸ್. ಕೆ. ಬಾರ್ಡರ್. ಎಸ್. ಕೆ. ಎಂದರೆ ಸೌತ್ ಕೆನರಾ. ಜಿಲ್ಲೆಯ ಆ ಹೆಸರು ಹೋಗಿ ಎಷ್ಟೋ ಕಾಲವಾಯಿತು, ಆದರೆ ಬಸ್ ಕಂಡಕ್ಟರುಗಳ ಬಾಯಿಂದ ಹೋಗಿಲ್ಲ. ಅಲ್ಲಿಂದ ಮಾಳದ ಘಾಟಿ ಇಳಿಯುತ್ತಾ ಹೋದಂತೆ ಕಿವಿ ಗುಂಯ್‌ಗುಟ್ಟುತ್ತದೆ, ಸ್ವೆಟರ್ ಬೇಡವಾಗುತ್ತದೆ, ಮಾತು ತುಳುವಿಗೆ ತಿರುಗುತ್ತದೆ. ಐದಕ್ಕೆ ಕಾರ್ಕಳದ ಬಂಡೆಯ ಮೇಲಿನ ಗೊಮ್ಮಟನೆದುರು ನಿಂತಿರುತ್ತೀರಿ. 1432ರಿಂದ ಅವನು ಪಡುವಣ ಬಿಸಿಲಿಗೆ ಮೈಯೊಡ್ಡಿ ನಿಂತಿದ್ದಾನೆ. ಆಗುಂಬೆಯ ಸೂರ್ಯಾಸ್ತ ತಪ್ಪಿತಲ್ಲ ಎಂಬ ಕೊರಗಿಗೆ ಅಷ್ಟು ಸಾಕು. ಅಲ್ಲಿಂದ ಉಡುಪಿಗೆ 40 ಕಿ.ಮೀ.ಗಿಂತ ಕಡಿಮೆ.

ಪ್ರಶ್ನೆ: ನಾಗರಹೊಳೆ, ಬಂಡೀಪುರಗಳಲ್ಲಿ ಹಲವು ಸಲ ಸಫಾರಿ ಮಾಡಿದ್ದೇವೆ. ಕುದುರೆಮುಖದಲ್ಲಿ ಸಫಾರಿ ಜೀಪು ಎಲ್ಲಿಂದ ಹೊರಡುತ್ತದೆ? ಅಲ್ಲಿ ನೋಡುವುದಕ್ಕೆ ಏನಿದೆ? – ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ಅಂಥ ಸಫಾರಿ ಇಲ್ಲಿಲ್ಲ ಸ್ವಾಮಿ. ಹುಲಿ ಇದೆ, ಚಿರತೆ ಇದೆ, ಕಾಟಿ ಎಂಬ ಕಾಡುಕೋಣ, ಕಡವೆ, ಕಾಳಿಂಗ ಸರ್ಪ ಎಲ್ಲವೂ ಇವೆ. ಆದರೆ ಜೀಪಿನ ಹೊತ್ತಿಗೆ ಸರಿಯಾಗಿ ಕೆರೆಯ ದಂಡೆಗೆ ಬಂದು ನಿಲ್ಲುವ ಅಭ್ಯಾಸ ಇಲ್ಲಿನವಕ್ಕೆ ಇಲ್ಲ. ಇಪ್ಪತ್ತು ವರ್ಷ ಅಲ್ಲಿಯೇ ಇದ್ದ ನಾನು ಹುಲಿಯನ್ನು ಕಂಡಿಲ್ಲ. ಅದು ನನ್ನನ್ನು ಕಂಡಿರಬಹುದು.

ಇಲ್ಲಿ ನೋಡಬೇಕಾದದ್ದು ಹುಲ್ಲು. ನಗಬೇಡಿ. ಬೆಟ್ಟಗಳ ಬೆನ್ನಿನ ಮೇಲೆಲ್ಲ ಹುಲ್ಲು, ಎರಡು ಬೆಟ್ಟಗಳು ಕೂಡುವ ಮಡಿಕೆಗಳಲ್ಲಿ ಮಾತ್ರ ಒತ್ತಾದ ಕಾಡು. ದೂರದಿಂದ ನೋಡಿದರೆ ಬೆಟ್ಟಗಳು ಕಂಕುಳಲ್ಲಿ ಕಾಡನ್ನು ಅವುಚಿಕೊಂಡಂತೆ ಕಾಣುತ್ತವೆ. ಆ ಮಡಿಕೆಯ ಕಾಡಿಗೆ ಶೋಲಾ ಎನ್ನುತ್ತಾರೆ. ಬಂದವರಲ್ಲಿ ಹತ್ತಕ್ಕೆ ಎಂಟು ಜನ ‘ಅಯ್ಯೋ, ಮರವೆಲ್ಲ ಕಡಿದುಬಿಟ್ಟಿದ್ದಾರಲ್ಲ’ ಎಂದು ಮರುಗುತ್ತಾರೆ. ಯಾರೂ ಕಡಿದಿಲ್ಲ. ತೆಳುವಾದ ಮಣ್ಣು, ಬೀಸುವ ಗಾಳಿ. ಬೆನ್ನಿನ ಮೇಲೆ ದೊಡ್ಡ ಮರ ನಿಲ್ಲುವುದು ಕಷ್ಟ. ಮಡಿಕೆಯಲ್ಲಿ ಮಣ್ಣು ಆಳ, ನೀರು ಹೆಚ್ಚು, ಗಾಳಿಯ ಪೆಟ್ಟು ಕಡಿಮೆ, ಅಲ್ಲಿ ಕಾಡು. ಹುಲ್ಲು ಬೋಳು ನೆಲವಲ್ಲ, ಅದೇ ಒಂದು ಬಗೆಯ ಕಾಡು ಎಂದುಕೊಳ್ಳಿ. ಕಾಟಿಯೂ ಕಡವೆಯೂ ಮೇಯುವುದು ಅಲ್ಲೇ.

ಈ ಬೆಟ್ಟಗಳ ಮೇಲೆ ವರ್ಷಕ್ಕೆ 7000 ಮಿ.ಮೀ.ವರೆಗೂ ಮಳೆ ಸುರಿಯುತ್ತದೆ. ಬೆಂಗಳೂರಿನಲ್ಲಿ ಬೀಳುವುದು 1000ದ ಆಚೀಚೆ. ಅಷ್ಟನ್ನೂ ಹುಲ್ಲು ತಡೆದು, ಶೋಲಾದ ಸ್ಪಂಜಿನಂಥ ಮಣ್ಣು ಹೀರಿ, ಬೇಸಿಗೆಯವರೆಗೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಫೆಬ್ರವರಿಯಲ್ಲಿ ಹುಲ್ಲೆಲ್ಲ ಹುರಿದ ರವೆಯ ಬಣ್ಣಕ್ಕೆ ತಿರುಗಿರುವಾಗಲೂ ಮಡಿಕೆಯೊಳಗೆ ನೀರಿನ ಸದ್ದು ಕೇಳಿಸುತ್ತದೆ. ಆ ತಿಂಗಳುಗಳಲ್ಲಿ ಬೆಂಕಿಯ ಭಯವೂ ಇದೆ. ಕಾರಿನಿಂದ ಬೀಡಿ, ಸಿಗರೇಟಿನ ತುಂಡು ಎಸೆಯುವವರನ್ನು ಕಂಡರೆ ನನಗೆ ಮೇಷ್ಟ್ರುಗಿರಿ ಮರಳಿ ಬರುತ್ತದೆ, ಬೆತ್ತ ಒಂದಿಲ್ಲ ಅಷ್ಟೇ.

ಪ್ರಾಣಿಯನ್ನೇ ನೋಡಬೇಕೆಂದಿದ್ದರೆ ಸಿಂಗಳೀಕವನ್ನು ಹುಡುಕಿ. ಈ ಉದ್ಯಾನ ಹುಟ್ಟಿದ್ದರಲ್ಲಿ ಅದಕ್ಕೂ ಪಾಲಿದೆ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇಲ್ಲಿನ ಸಿಂಗಳೀಕಗಳ ಸಮೀಕ್ಷೆ ಮಾಡಿ, ಈ ಕಾಡನ್ನು ಉಳಿಸಿದರೆ ಅವೂ ಉಳಿದಾವು ಎಂದು ತೋರಿಸಿಕೊಟ್ಟರು. 1987ರಲ್ಲಿ ಸುಮಾರು 600 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. 2012ರಲ್ಲಿ ಪಶ್ಚಿಮ ಘಟ್ಟದ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೂ ಸೇರಿತು. ನಿಮ್ಮ ಪತ್ರದ ಕೊನೆಯಲ್ಲಿ, ಹಿಂದೊಮ್ಮೆ ಚೆಕ್‌ಪೋಸ್ಟಿನ ಬಳಿ ಸಿಂಗಳೀಕಕ್ಕೆ ಬಿಸ್ಕತ್ತು ಕೊಟ್ಟೆ ಎಂದು ಬರೆದು ಪಟವನ್ನೂ ಇಟ್ಟಿದ್ದೀರಿ. ಅದು ಸಿಂಗಳೀಕವಲ್ಲ, ಮುಸಿಯ. ಬೂದು ಮೈ, ಕಪ್ಪು ಮುಖ, ಉದ್ದ ಬಾಲ ಇದ್ದರೆ ಮುಸಿಯ. ಮೈಯೆಲ್ಲ ಕಪ್ಪು, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಸಿಂಹದಂತೆ ಕುಚ್ಚು ಇದ್ದರೆ ಸಿಂಗಳೀಕ. ಅದು ಮರದಿಂದ ಇಳಿಯುವುದೇ ಅಪರೂಪ, ನೆತ್ತಿಯ ಮೇಲಿನ ಕೊಂಬೆಗಳಲ್ಲೇ ಅದರ ಸಂಸಾರ. ಮತ್ತು ಯಾವುದಕ್ಕೂ ಬಿಸ್ಕತ್ತು ಕೊಡಬೇಡಿ. ಬಿಸ್ಕತ್ತಿನ ಆಸೆಗೆ ರಸ್ತೆಗಿಳಿದ ಮಂಗ ಒಂದಲ್ಲ ಒಂದು ದಿನ ಚಕ್ರದಡಿ ಸಿಗುತ್ತದೆ.

ಪ್ರಶ್ನೆ: ಘಾಟಿಯಲ್ಲಿ ಮಗ ವಾಂತಿ ಮಾಡುತ್ತಾನೆ. ಎಂಟು ವರ್ಷ. ಏನಾದರೂ ಉಪಾಯ? – ತಾಯಿ, ದಾವಣಗೆರೆ

ಉತ್ತರ: ಮೊಬೈಲ್ ಕಿತ್ತುಕೊಳ್ಳಿ. ಕಿಟಕಿಯ ಪಕ್ಕ ಕೂರಿಸಿ, ದೂರದ ಬೆಟ್ಟ ತೋರಿಸಿ. ಎಣ್ಣೆಯ ತಿಂಡಿ ಬೇಡ, ಎರಡು ಇಡ್ಲಿ ಸಾಕು. ಒಂದು ನಿಂಬೆಹಣ್ಣು ಕೈಯಲ್ಲಿರಲಿ, ಮೂಸುತ್ತಿರಲಿ. ಓಡಿಸುವವರಿಗೆ ತಿರುವಿನಲ್ಲಿ ಬ್ರೇಕ್ ಒತ್ತುವ ಚಟವಿದ್ದರೆ ಔಷಧಿ ಅವರಿಗೆ ಬೇಕು.

ಪ್ರಶ್ನೆ: ಕೆಲಸ ಮುಗಿಸಿ ಸಂಜೆ ಹೊರಟು ರಾತ್ರಿಯಲ್ಲೇ ಕುದುರೆಮುಖದ ರಸ್ತೆಯನ್ನು ದಾಟಿಬಿಟ್ಟರೆ ಒಂದು ಹಗಲು ಉಳಿಯುತ್ತದಲ್ಲವೇ? – ಯುವಕರ ತಂಡ, ಶಿವಮೊಗ್ಗ

ಉತ್ತರ: ಹಗಲು ಉಳಿಯುತ್ತದೆ, ನೀವು ಉಳಿಯುತ್ತೀರೋ ಇಲ್ಲವೋ ತಿಳಿಯದು. ಮುಸ್ಸಂಜೆಯ ಮೇಲೆ ರಸ್ತೆ ಪ್ರಾಣಿಗಳದು. ಮಂಜಿನಲ್ಲಿ ಕಾಟಿ ನಿಂತಿದ್ದರೆ ಅದು ಕಪ್ಪು ಗೋಡೆ, ಹತ್ತು ಮಾರು ದೂರ ಬರುವವರೆಗೆ ಕಾಣುವುದಿಲ್ಲ. ಇನ್ನು ಹಗಲಿನಲ್ಲಿಯೂ ಮಂಜು ಕವಿದರೆ ದೀಪವನ್ನು ತಗ್ಗಿಸಿ. ಎತ್ತರಿಸಿದ ದೀಪ ಮಂಜಿಗೆ ತಾಗಿ ನಿಮ್ಮ ಕಣ್ಣಿಗೇ ಮರಳುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರು ಎಂದು ನನಗೆ ಕಾರು ಕಲಿಸಿದ ಬಸ್ ಚಾಲಕರೊಬ್ಬರು ಹೇಳಿದ್ದರು. ಇಳಿಜಾರಿನಲ್ಲಿ ಎಣ್ಣೆ ಉಳಿಸಲು ನ್ಯೂಟ್ರಲ್ ಮಾಡುವವರಿಗೆ ಅವರು ಇಟ್ಟಿದ್ದ ಹೆಸರನ್ನು ಇಲ್ಲಿ ಬರೆಯಲಾಗದು. ಹತ್ತಿ ಬರುವ ವಾಹನಕ್ಕೆ ದಾರಿ ಬಿಡಿ.

ಪ್ರಶ್ನೆ: ಟೀಚರ್, ನಾನು ಈಗ ಮಸ್ಕತ್ತಿನಲ್ಲಿದ್ದೇನೆ. ಅಪ್ಪ ಕುದುರೆಮುಖದ ಗಣಿಯಲ್ಲಿ ಆಪರೇಟರ್ ಆಗಿದ್ದರು. ನಾನು ಏಳನೆಯ ತರಗತಿಯವರೆಗೆ ಅಲ್ಲೇ ಓದಿದವನು. ಡಿಸೆಂಬರಿನಲ್ಲಿ ಮಕ್ಕಳನ್ನು ಕರೆತಂದು ನಮ್ಮ ಮನೆ, ಗಣಿ, ಶಾಲೆ ತೋರಿಸಬೇಕು. ಈಗ ಏನು ಉಳಿದಿದೆ? – ಹಳೆಯ ವಿದ್ಯಾರ್ಥಿ, ಮಸ್ಕತ್

ಉತ್ತರ: ನಿನ್ನ ಅಕ್ಷರ ನೋಡಿ ಗುರುತು ಹಿಡಿಯುವ ಪ್ರಯತ್ನ ಮಾಡಿದೆ. ಇಮೇಲಿಗೆ ಕೈಬರಹ ಇಲ್ಲವೆಂಬುದು ಆಮೇಲೆ ನೆನಪಾಯಿತು. ಏಕವಚನಕ್ಕೆ ಕ್ಷಮೆ ಕೇಳುವುದಿಲ್ಲ.

ಮನೆಗಳಿವೆ. ಜನ ಬಹಳ ಕಡಿಮೆ. ಸಾಲು ಮನೆಗಳ ಗೋಡೆಗೆ ಪಾಚಿ, ಕಿಟಕಿಗಳಿಗೆ ಬಳ್ಳಿ, ಕೆಲವು ಕಡೆ ಮಾಡು ಕುಸಿದಿದೆ. ನಾವಿದ್ದ ಮನೆಯ ಹಿತ್ತಿಲಿನಲ್ಲಿ ನಾನು ನೆಟ್ಟ ಕೆಸುವಿನ ಗೆಡ್ಡೆ ಈಗ ಇಡೀ ಸಾಲನ್ನು ಆಕ್ರಮಿಸಿದೆ. ಹೋದ ವರ್ಷ ಆಷಾಢದಲ್ಲಿ ಅದರ ಎಲೆಯನ್ನೇ ತಂದು ಪತ್ರೊಡೆ ಮಾಡಿದೆ. ಮುಚ್ಚಿದ ಕಟ್ಟಡಗಳ ಒಳಗೆ ಹೋಗಬೇಡ, ಮಕ್ಕಳನ್ನೂ ಬಿಡಬೇಡ. ಹಾವಿಗಿಂತ ಮಾಡಿನ ಭಯ ಹೆಚ್ಚು. ಗಣಿಯ ಒಳಕ್ಕೆ ಬಿಡುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಬೆಟ್ಟದ ಮೈಯನ್ನು ದೂರದಿಂದ ತೋರಿಸು.

ತೋರಿಸುವಾಗ ಕಥೆಯನ್ನು ಪೂರ್ತಿ ಹೇಳು. ಇಲ್ಲಿನ ಕಬ್ಬಿಣದ ಅದಿರನ್ನು 1913ರಲ್ಲೇ ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರರು ಗುರುತಿಸಿದ್ದರು. ಅರವತ್ತಕ್ಕೂ ಹೆಚ್ಚು ವರ್ಷ ಅದು ಬೆಟ್ಟದಲ್ಲೇ ಮಲಗಿತ್ತು. 1976ರಲ್ಲಿ ಕಂಪನಿ ಹುಟ್ಟಿತು. ಹಣ ಕೊಟ್ಟು ಅದಿರನ್ನೂ ಕೊಳ್ಳುವುದಾಗಿ ಇರಾನಿನ ಶಾ ಒಪ್ಪಿದ್ದ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಾ ಹೋದ, ಇರಾನ್ ಹಿಂದೆ ಸರಿಯಿತು. ಬೆಟ್ಟದ ತುದಿಯ ನಮ್ಮ ಊರಿನ ಹಣೆಬರಹ ಟೆಹರಾನಿನ ಬೀದಿಯಲ್ಲಿ ಅಲುಗಾಡಿತ್ತು ಎಂಬುದನ್ನು ಮಸ್ಕತ್ತಿನಲ್ಲಿ ಬೆಳೆದ ನಿನ್ನ ಮಕ್ಕಳು ನಮಗಿಂತ ಬೇಗ ಅರ್ಥ ಮಾಡಿಕೊಂಡಾರು. ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುತ್ತಿದ್ದರು. ಉಳಿದ ಕೆಸರೆಲ್ಲ ಲಕ್ಯಾ ಹೊಳೆಗೆ ಅಡ್ಡ ಕಟ್ಟಿದ ಮಣ್ಣಿನ ಅಣೆಕಟ್ಟಿನ ಹಿಂದೆ. ಆ ಕೆಸರು ಈಗಲೂ ಅಲ್ಲೇ ಇದೆ.

ಗಣಿಯ ಅನ್ನ ತಿಂದವಳು ನಾನು, ಸುಳ್ಳು ಹೇಳಲಾರೆ. ಅಷ್ಟು ಒಳ್ಳೆಯ ಶಾಲೆ, ಆಸ್ಪತ್ರೆ, ಬೀದಿದೀಪಗಳು ಆ ಕಾಲದ ಮಲೆನಾಡಿನಲ್ಲಿ ಬೇರೆಲ್ಲೂ ಇರಲಿಲ್ಲ. ಸಂಸೆಯ ಕಡೆಯ ಕೂಲಿಯವರ ಮಕ್ಕಳು ಕಂಬಳಿಕೊಪ್ಪೆ ಹಾಕಿಕೊಂಡು ನಮ್ಮ ಬೇಲಿಯಾಚೆ ನಿಂತು ನಿಮ್ಮ ಆಟ ನೋಡುತ್ತಿದ್ದುದು ನಿನಗೆ ನೆನಪಿರಬಹುದು. ಮಳೆಗಾಲದಲ್ಲಿ ಭದ್ರೆ ಹೂಳು ಹೊತ್ತು ಹರಿಯುತ್ತಿದ್ದುದನ್ನೂ ನಾವೆಲ್ಲ ಕಂಡಿದ್ದೆವು. ಕಂಡೂ ತರಗತಿಯಲ್ಲಿ ‘ಭದ್ರೆಯ ತಿಳಿನೀರು’ ಎಂದು ಪ್ರಬಂಧ ಬರೆಸಿದ್ದೇನೆ. ಕೊಡಗಿನ ಕೆ. ಎಂ. ಚಿಣ್ಣಪ್ಪ, ನಾಗರಹೊಳೆಯನ್ನು ಕಾದ ಅದೇ ಅರಣ್ಯಾಧಿಕಾರಿ, ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು: 2005ರ ಕೊನೆಗೆ ಗಣಿ ನಿಲ್ಲಬೇಕು. ಆ ಮೂರು ವರ್ಷ ಹಾಜರಿ ಪುಸ್ತಕ ತೆಳ್ಳಗಾಗುತ್ತಾ ಹೋಯಿತು. ವರ್ಗಾವಣೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಲು ಬಂದ ಮಕ್ಕಳಿಗೆ ನಾನು ಹೇಳಿದ ಸಮಾಧಾನದ ಮಾತುಗಳಲ್ಲಿ ಒಂದೂ ಈಗ ನೆನಪಿಲ್ಲ. ಚಿಣ್ಣಪ್ಪನವರನ್ನು ಆಗ ಬೈದಿದ್ದೇನೆ. ಈಗ ಮಳೆಗಾಲದಲ್ಲಿ ಸೇತುವೆಯ ಮೇಲೆ ನಿಂತಾಗ ಬೈಯಲು ಬಾಯಿ ಬರುವುದಿಲ್ಲ.

ಬರುವ ಮುಂಚೆ ಪತ್ರಿಕೆಗೆ ಒಂದು ಸಾಲು ಬರೆ. ನನ್ನ ಬಳಿ 1990ರ ದಶಕದ ನಾಲ್ಕು ಗುಂಪು ಚಿತ್ರಗಳಿವೆ. ಎರಡಕ್ಕೆ ಶಿಲೀಂಧ್ರ ಹಿಡಿದು ಮುಖ ಮಾಸಿವೆ. ನೀನು ಯಾವುದರಲ್ಲಿ ಇರುವೆಯೋ.

ಪ್ರಶ್ನೆ: ತುಂಗಾ, ಭದ್ರಾ, ನೇತ್ರಾವತಿ ಮೂರೂ ಒಂದೇ ಜಾಗದಲ್ಲಿ ಹುಟ್ಟುತ್ತವೆ ಎನ್ನುತ್ತಾರೆ. ಹಾಗಾದರೆ ಬೇರೆ ಬೇರೆ ದಿಕ್ಕಿಗೆ ಹೋಗುವುದು ಹೇಗೆ? – ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಜನರ ನಂಬಿಕೆಯಲ್ಲಿ ಮೂರಕ್ಕೂ ಮೂಲ ವರಾಹ ಪರ್ವತದ ಗಂಗಾಮೂಲವೇ. ಮನೆಯ ಮಾಡಿನ ಮೇಲೆ ಒಂದು ಕೊಡ ನೀರು ಸುರಿದು ನೋಡಿ. ನೆತ್ತಿಯ ಈಚೆಗೆ ಬಿದ್ದದ್ದು ಅಂಗಳಕ್ಕೆ, ಆಚೆಗೆ ಬಿದ್ದದ್ದು ಹಿತ್ತಿಲಿಗೆ. ಘಟ್ಟದ ನೆತ್ತಿಯೂ ಹಾಗೆಯೇ. ತುಂಗೆ ಶೃಂಗೇರಿಯ ಕಡೆಗೆ, ಭದ್ರೆ ಕಳಸದ ಕಡೆಗೆ ಹೊರಟು, ಬೇರೆ ಬೇರೆ ಸಂಸಾರ ಮಾಡಿ, ಶಿವಮೊಗ್ಗದ ಹತ್ತಿರದ ಕೂಡಲಿಯಲ್ಲಿ ಒಂದಾಗುತ್ತವೆ. ಮುಂದೆ ತುಂಗಭದ್ರೆಯಾಗಿ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತವೆ. ನೇತ್ರಾವತಿಗೆ ಅಷ್ಟು ತಾಳ್ಮೆ ಇಲ್ಲ, ಘಟ್ಟ ಧುಮುಕಿ ಮಂಗಳೂರಿನಲ್ಲಿ ಕಡಲು ಸೇರಿಬಿಡುತ್ತಾಳೆ. ಒಂದೇ ಮೋಡದ ಹನಿಗಳಲ್ಲಿ ಒಂದು ಪಡುವಣ ಕಡಲಿಗೆ, ಇನ್ನೊಂದು ಮೂಡಣ ಕಡಲಿಗೆ. ಪರೀಕ್ಷೆಯಲ್ಲಿ ಮಾಡಿನ ಉದಾಹರಣೆ ಬರೆದರೆ ಅಂಕ ಕೊಡುತ್ತಾರೋ ಇಲ್ಲವೋ, ನಾನಾಗಿದ್ದರೆ ಕೊಡುತ್ತಿದ್ದೆ.

ಪ್ರಶ್ನೆ: ಜಿಗಣೆಗೆ ಹೆದರಿ ಹನುಮನಗುಂಡಿಯ ಮೆಟ್ಟಿಲು ಇಳಿಯದೆ ವಾಪಸು ಬಂದೆ. ನಗುತ್ತೀರಾ? – ಓದುಗ, ವಿಜಯಪುರ

ಉತ್ತರ: ಸ್ವಲ್ಪ. ನಮ್ಮ ಕಡೆ ಅದಕ್ಕೆ ಇಂಬಳ ಎನ್ನುತ್ತಾರೆ. ಮಳೆ ನಿಂತು ನೆಲ ಒಣಗಿದ ಮೇಲೆ, ಡಿಸೆಂಬರಿನ ಹೊತ್ತಿಗೆ ಬನ್ನಿ, ಕಾಟ ಬಹಳ ಕಡಿಮೆ. ಹತ್ತಿದರೆ ಎಳೆದು ಕೀಳಬೇಡಿ, ಉಗುರಿನಿಂದ ಬಾಯಿಯ ಹತ್ತಿರ ಮೆಲ್ಲಗೆ ಸರಿಸಿ. ಕಚ್ಚಿದ ಜಾಗದಲ್ಲಿ ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಹೆದರಬೇಡಿ, ಅದರ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ನಮ್ಮ ಅಜ್ಜಿ ಪಾದಕ್ಕೆ ತೆಂಗಿನೆಣ್ಣೆ ಬಳಿದು, ಸೊಂಟದಲ್ಲಿ ಸುಣ್ಣದ ಡಬ್ಬಿ ಸಿಕ್ಕಿಸಿಕೊಂಡು ಕಾಡಿಗೆ ಹೋಗುತ್ತಿದ್ದರು.

ಪ್ರಶ್ನೆ: ನೀವು ಎರಡು ವರ್ಷದ ಹಿಂದೆ ಇದೇ ಅಂಕಣದಲ್ಲಿ ನಮ್ಮ ಊರಿನ ಬಳಿಯ ಹಳ್ಳವೊಂದರ ಬಗ್ಗೆ ಹೆಸರು ಸಹಿತ ಬರೆದಿರಿ. ಅಂದಿನಿಂದ ಶನಿವಾರ, ಭಾನುವಾರ ಅಲ್ಲಿ ಕಾರುಗಳ ಸಾಲು. ಹಳ್ಳದಲ್ಲಿ ಬಾಟಲಿ ಚೂರು. ನನ್ನ ಎಮ್ಮೆಯ ಕಾಲು ಕುಯ್ದಿತು. ಇದು ಪ್ರಶ್ನೆಯಲ್ಲ. – ಕೃಷಿಕ, ಸಂಸೆಯ ಬಳಿ

ಉತ್ತರ: ಇದಕ್ಕೆ ಉತ್ತರವೂ ನನ್ನ ಬಳಿ ಇಲ್ಲ. ಹೆಸರು ಬರೆದದ್ದು ನನ್ನ ತಪ್ಪು. ಆ ವಾರ ಜಾಗ ತುಂಬಿಸಲು ಇನ್ನೊಂದು ಪ್ಯಾರಾ ಬೇಕಿತ್ತು, ಬರೆದುಬಿಟ್ಟೆ. ಬಂದವರು ಕುಡಿದು ಒಡೆದದ್ದು ಅವರ ತಪ್ಪು ಎಂದು ನಾನು ಜಾರಿಕೊಳ್ಳಬಹುದು. ಆದರೆ ದಾರಿ ತೋರಿಸಿದವಳು ನಾನೇ. ಪತ್ರ ಬಂದ ಮರುವಾರ ನಿಮ್ಮ ಕಡೆಗೆ ಹೋಗಿದ್ದೆ. ಎರಡು ಗೋಣಿಚೀಲ ತುಂಬಿತು. ನೀರಿನ ಕೆಳಗಿನ ಚೂರುಗಳು ನನ್ನ ಕೈಗೆ ಸಿಗಲಿಲ್ಲ. ನಿಮ್ಮ ಮನೆಯ ಬಾಗಿಲಿಗೆ ಬರುವ ಧೈರ್ಯವಾಗಲಿಲ್ಲ.

ಆ ಹಳ್ಳದ ಹೆಸರನ್ನು ಇನ್ನು ಬರೆಯುವುದಿಲ್ಲ. ಕೇಳಿ ಬಂದ ಪತ್ರಗಳು ಈಗಲೂ ಮೇಜಿನ ಮೇಲಿವೆ; ಅವುಗಳಿಗೆ ಉತ್ತರ ಬಾರದಿದ್ದರೆ ಓದುಗರು ಕಾರಣವನ್ನು ಇಲ್ಲಿಂದ ತಿಳಿಯಲಿ. ರಸ್ತೆಯಿಂದ ಕಾಣುವುದನ್ನು ರಸ್ತೆಯಿಂದ ನೋಡಿ, ಟಿಕೆಟ್ ಕೊಡುವಲ್ಲಿ ಟಿಕೆಟ್ ಪಡೆದು ಇಳಿಯಿರಿ. ‘ಯಾರಿಗೂ ಗೊತ್ತಿಲ್ಲದ ಜಾಗ ಹೇಳಿ’ ಎಂದು ಕೇಳುವವರಿಗೆ ಒಂದು ಮಾತು: ಆ ಜಾಗ ಅಲ್ಲಿನವರಿಗೆ ಗೊತ್ತಿದೆ. ಅವರ ಎಮ್ಮೆ ಅಲ್ಲಿ ನೀರು ಕುಡಿಯುತ್ತದೆ.

ಪ್ರಶ್ನೆ: ನಾನು ನಾಲ್ಕನೆಯ ತರಗತಿ. ನಾವು ಕುದುರೆಮುಖಕ್ಕೆ ಹೋಗುತ್ತೇವೆ. ಕುದುರೆಯ ಮುಖ ಎಲ್ಲಿಂದ ಕಾಣುತ್ತದೆ? ಅಪ್ಪನಿಗೆ ಗೊತ್ತಿಲ್ಲ. – ಪುಟ್ಟ ಓದುಗಿ, ಧಾರವಾಡ

ಉತ್ತರ: ಪುಟ್ಟೀ, ಸಂಸೆಯ ಕಡೆಯಿಂದ. ಆ ಬೆಟ್ಟಕ್ಕೆ ಹಿಂದೆ ಸಂಸೆ ಪರ್ವತ ಎಂದೇ ಹೆಸರಿತ್ತು. ಮಂಜಿಲ್ಲದ ದಿನ ಕಾರು ನಿಲ್ಲಿಸಲು ಅಪ್ಪನಿಗೆ ಹೇಳು. ಬೆಟ್ಟಸಾಲಿನಲ್ಲಿ ಎತ್ತರದ ತುದಿಯೊಂದು ಕಾಣುತ್ತದೆ, ಅದರ ಒಂದು ಬದಿ ಉದ್ದಕ್ಕೆ ಇಳಿದಿರುತ್ತದೆ. ಆ ಇಳಿಜಾರೇ ಮೂತಿ. ತಲೆಯನ್ನು ಸ್ವಲ್ಪ ಓರೆ ಮಾಡಿ ನೋಡಬೇಕು.

ಪ್ರತಿ ಜೂನ್‌ನಲ್ಲಿ ಹೊಸ ಮಕ್ಕಳಿಗೆ ಇದನ್ನು ನಾನು ತೋರಿಸುತ್ತಿದ್ದೆ. ಅರ್ಧ ಮಕ್ಕಳಿಗೆ ಕಾಣುತ್ತಿತ್ತು. ಉಳಿದವರು ಟೀಚರಿಗೆ ಬೇಸರವಾದೀತೆಂದು ತಲೆಯಾಡಿಸುತ್ತಿದ್ದರು. ಒಬ್ಬ ಹುಡುಗ ಮಾತ್ರ ಎದ್ದು ನಿಂತು, ‘ಟೀಚರ್, ಅದು ನಮ್ಮ ಮನೆಯ ಎಮ್ಮೆಯ ಹಾಗಿದೆ’ ಎಂದ. ಮರುದಿನ ಮಂಜು ಸರಿದಾಗ ಕಿಟಕಿಯ ಬಳಿ ನಿಂತು ನೋಡಿದೆ. ಅವನು ಹೇಳಿದ್ದೂ ನಿಜ. ನಿನಗೆ ಯಾವುದು ಕಂಡಿತೆಂದು ಬಂದ ಮೇಲೆ ಬರೆ.